ಪೈಲ್ವಾನಮ್ಮನ ಎಡಗೈ

ಎದುರುಮನೆಯ ರಷ್ಯನ್ ಹೆಂಗಸು ಕೊನೆಯ ಸಲ ಜೂಡೋ ಆಡಿದ ದಿನ ಏನೇನು ಕೆಡಬಹುದಿತ್ತು ಎಂಬುದು ನನಗೆ ಇಂದಿಗೂ ಬಾಯಿಪಾಠ. ಮಾದಾಪುರದ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಬೀಳಬಹುದಿತ್ತು. ಜೂಡೋದ ಬಿಳಿ ದಿರಿಸಿನ ಬದಲು ಸಾಂಬೋ ಕುಸ್ತಿಯ ಕೆಂಪು ಅಂಗಿ ಚೀಲ ಸೇರಿರಬಹುದಿತ್ತು. ಆಕೆಯ ಬಲ ಮೊಣಕಾಲು ಕೈಕೊಡಬಹುದಿತ್ತು, ಕುತ್ತಿಗೆ ಉಳುಕಬಹುದಿತ್ತು, ಆಂಬುಲೆನ್ಸು ದಾರಿ ತಪ್ಪಬಹುದಿತ್ತು. ಇದೇನೂ ಆಗದಿದ್ದರೆ ಸುಮ್ಮನೆ ನೋಡುತ್ತ ಕೂತ ನಾನೇ ಮೂರ್ಛೆ ಹೋಗಿ ಆ ಆಂಬುಲೆನ್ಸಿನಲ್ಲಿ ಮಲಗಬಹುದಿತ್ತು.

ಮೊನ್ನೆ ಔಷಧಿ ಡಬ್ಬಿಯಲ್ಲಿ ಥರ್ಮಾಮೀಟರ್ ಹುಡುಕುತ್ತಿದ್ದೆ. ಜ್ವರವಿರಲಿಲ್ಲ, ಬರಬಹುದೆಂಬ ಗುಮಾನಿಯಿತ್ತು. ರಷ್ಯನ್ ಅಕ್ಷರಗಳ ಒಂದು ಮುಲಾಮಿನ ಟ್ಯೂಬು ಕೈಗೆ ಬಂತು. ಮುಚ್ಚಳ ತಿರುವಿದೆ. ಕರ್ಪೂರ, ಟರ್ಪೆಂಟೈನ್, ಇನ್ನೇನೋ ಒಂದು... ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಎದುರುಮನೆ ಬಾಗಿಲು ತೆರೆದಂತಾಯಿತು.

ಆಕೆಯ ಗಂಡ ಇಲ್ಲಿಯವನೇ. ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೋಗಿ, ಮದುವೆಯಾಗಿ ಬಂದವನು. ಆಕೆ ಸಾಂಬೋ ಎಂಬ ಅವರ ದೇಶದ ಕುಸ್ತಿಯಲ್ಲಿ ಜಗತ್ತಿನ ಚಾಂಪಿಯನ್, ಜೂಡೋದಲ್ಲೂ ಪದಕಗಳಿದ್ದವು. ನಮ್ಮ ಅವ್ವನ ಬಾಯಲ್ಲಿ ಆಕೆ ಪೈಲ್ವಾನಮ್ಮ. ಗಂಡನ ಜೊತೆ ಆಕೆಯ ಮಾತೆಲ್ಲ ರಷ್ಯನ್ನಿನಲ್ಲೇ. ಅವ್ವನ ಬಾಗಲಕೋಟೆ ಕಡೆಯ ಕನ್ನಡ ಕಲಿತು, ಅದೇ ಈ ತೆಲುಗು ಊರಿನ ಭಾಷೆಯೆಂದು ಆಕೆ ನಂಬಿದ್ದಳು. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದವರೆಲ್ಲ ಯಾದಗಿರಿಯವರಾದ್ದರಿಂದ ಬಹಳ ದಿನ ಆ ನಂಬಿಕೆಗೆ ಧಕ್ಕೆ ಬರಲಿಲ್ಲ.

ಸಾಂಬೋದಲ್ಲಿ ಎದುರಾಳಿಯ ಕಾಲು ಹಿಡಿದು ಕೆಡವಬಹುದು. ಜೂಡೋದಲ್ಲೂ ಮೊದಲು ನಡೆಯುತ್ತಿತ್ತಂತೆ. ಆಮೇಲೆ ನಿಯಮ ಬದಲಾಗಿ, ಕೈಯಿಂದ ಕಾಲು ಹಿಡಿದರೆ ಪಂದ್ಯದಿಂದಲೇ ಹೊರಗೆ ಎಂದಾಯಿತು. ತನ್ನ ದೇಶದ ಜೂಡೋ ಫೈನಲ್ಲಿನಲ್ಲಿ ಗೆಲ್ಲುವ ಹಂತದಲ್ಲಿದ್ದಾಗ, ಆಕೆಯ ಎಡಗೈ ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದನ್ನು ತಾನಾಗಿಯೇ ಮಾಡಿಬಿಟ್ಟಿತು. ಅಲ್ಲಿಗೆ ಫೈನಲ್ಲೂ ಮುಗಿಯಿತು, ಸಿಟ್ಟಿಗೆ ಆಕೆ ಜೂಡೋವನ್ನೂ ಬಿಟ್ಟಳು.

"ಸೋತದ್ದಕ್ಕ ಅಲ್ರಿ ಅಕ್ಕಾರ," ಎಂದಿದ್ದಳು ಒಮ್ಮೆ. "ನನ್ನ ಕೈ ನನ್ನ ಮಾತ ಕೇಳಲಿಲ್ಲ. ಅದಕ್ಕ ಸಿಟ್ಟು ಐತಿ."

ನಲವತ್ತು ದಾಟಿದ ಮೇಲೆ, ನಮ್ಮೂರಲ್ಲೇ ಹಿರಿಯ ಆಟಗಾರರ ಜೂಡೋ ಪಂದ್ಯವೆಂದು ತಿಳಿದು ಹೆಸರು ಕೊಟ್ಟಳು. ಗಂಡ ಮೊಣಕಾಲಿನ ಎಕ್ಸ್‌ರೇ ಬೆಳಕಿಗೆ ಹಿಡಿದು, ಇದೇ ಕೊನೆ ಎಂದ. ಒಂದು ಪಂದ್ಯ ಸಾಕಿತ್ತು ಆಕೆಗೆ. ಅದರಲ್ಲಿ ಕೈ ಕಾಲಿಗೆ ಹೋಗಬಾರದು, ಅಷ್ಟೇ.

ಉಪಾಯ ಹೂಡಿದ್ದು ಅವ್ವ. ಚಾರ್‌ಮಿನಾರಿನಿಂದ ದಪ್ಪ ಅರಗಿನ ಬಳೆ ತರಿಸಿ ಆಕೆಯ ಎಡಗೈಗೆ ತೊಡಿಸಿದಳು. "ಕೈ ತೆಳಗ ಹೋದ್ರ ಸಪ್ಪಳ ಆಗತೈತಿ. ತಾನ ಎಚ್ಚರಾಗತೈತಿ, ನೋಡವಾ."

ಎದುರಾಳಿಯಾಗಿ ನಿಲ್ಲಲು ಸಿಕ್ಕವಳು ನಾನು, ಇನ್ಶೂರೆನ್ಸ್ ಕಚೇರಿಯಲ್ಲಿ ಅಪಘಾತದ ಫೈಲುಗಳನ್ನೇ ನೋಡುತ್ತ ತಲೆ ನರೆತವಳು. ಸಂಜೆ ನಮ್ಮ ಹಾಲಿನಲ್ಲಿ ಆಕೆ ನನ್ನ ಹಳೆಯ ಸ್ವೆಟರಿನ ಕೊರಳಪಟ್ಟಿ ಹಿಡಿಯುವಳು. ಎಡಭುಜ ತುಸು ಬಾಗುವುದು. ಮರುಕ್ಷಣ ಬಳೆಗಳು ನನ್ನ ಮೊಣಕಾಲ ಕೆಳಗಿನ ಎಲುಬಿಗೆ ಬಂದು ಬಡಿಯುವವು.

"ಸತ್ತೆನ್ರಿ ಯಪ್ಪಾ!"

"ಚೀರಬ್ಯಾಡ," ಎನ್ನುವಳು ಅವ್ವ ಸೋಫಾದಿಂದ. "ನಿನ್ನ ಕಾಲಿಗೆ ಬ್ಯಾರೆ ಏನ್ ಕೆಲಸ ಐತಿ?"

ಮುಲಾಮು ನಮ್ಮ ಮನೆ ಸೇರಿದ್ದು ಹಾಗೆ.

ಪಂದ್ಯದ ದಿನ ಆಕೆ ಬಳೆಗಳನ್ನು ಬಿಚ್ಚಿ ನನ್ನ ಕೈಗಿತ್ತು ಅಂಕಣಕ್ಕಿಳಿದಳು. ಎದುರಿಗಿದ್ದವಳು ಆಕೆಯದೇ ವಯಸ್ಸಿನ, ನಗುಮುಖದ ಗಟ್ಟಿ ಹೆಂಗಸು. ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ಸುತ್ತಿದರು, ಜಗ್ಗಿದರು... ಆ ಹೆಂಗಸಿನ ಕಾಲು ಹತ್ತಿರ ಬಂತು. ಆಗ ನನಗೆ ಆ ಭುಜ ಕಂಡಿತು. ಬಾಗುತ್ತಿತ್ತು. ನನ್ನ ತಲೆಗಿಂತ ಮೊದಲು ನನ್ನ ಎಲುಬಿಗೆ ಗೊತ್ತಾಯಿತು. ಬಳೆಗಳನ್ನು ಬಿಗಿಹಿಡಿದು ಕಣ್ಣು ಮುಚ್ಚಿದೆ.

ಧೊಪ್ಪೆಂದಿತು. ಕಣ್ಣು ಬಿಟ್ಟಾಗ ಆಕೆ ಅಂಗಾತ ಬಿದ್ದಿದ್ದಳು. ಸೋತಿದ್ದಳು. ಆದರೆ ಎದ್ದು ವಂದಿಸಿ ನನ್ನತ್ತ ಬಂದ ಮುಖ ಸೋತವರದಾಗಿರಲಿಲ್ಲ.

"ನೋಡಿದ್ರೇನ್ರಿ ಅಕ್ಕಾರ? ಕೈ ಹೊಂಟಿತ್ತು. ಅರ್ಧಕ್ಕ ನಿಲ್ಲಿಸಿದ್ನಿ! ಆಕಿ ಅಷ್ಟರಾಗ ನನ್ನ ಒಗದಳು, ಒಗೀಲಿ. ಕೈ ನಿಂತಿತ್ತು, ನೋಡಿದ್ರಿಲ್ಲೋ?"

"ನಾ ಕಣ್ಣು ಮುಚ್ಚಿದ್ನೆವಾ."

ಆಕೆ ಬೆವರಿನ ಮುಖವನ್ನು ನನ್ನ ಭುಜಕ್ಕಿಟ್ಟು ನಕ್ಕಳು. "ಹಂಗಾರ ನಿಮ್ಮ ಸಲುವಾಗಿ ಇನ್ನೊಮ್ಮೆ ಆಡಬೇಕಾತು."

ಆಡಲಿಲ್ಲ. ಆಕೆಯ ತಾಯಿಗೆ ಕಾಯಿಲೆಯೆಂದು ಗಂಡಹೆಂಡತಿ ರಷ್ಯಾಕ್ಕೆ ಹೋದರು. ಇಲ್ಲಿ ಅವ್ವ ತೀರಿಕೊಂಡಳು. ಹೋದ ಚಳಿಗಾಲದಲ್ಲಿ ಆಕೆಯ ಗಂಡ ಫೋನ್ ಮಾಡಿ, ಆಕೆಯೂ ಇಲ್ಲವೆಂದ. ಡಾಕ್ಟರನಲ್ಲವೆ, ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಹೇಳಿದ. ನನಗೆ ನೆನಪುಳಿಯಲಿಲ್ಲ.

ಟ್ಯೂಬಿನಲ್ಲಿ ಮುಲಾಮು ಗಟ್ಟಿಯಾಗಿದೆ, ಒತ್ತಿದರೆ ಬರುವುದಿಲ್ಲ. ವಾಸನೆ ಇದೆ. ಅಂದು ಆಟೋ ಹೊತ್ತಿಗೆ ಮುಂಚೆಯೇ ತಲುಪಿತ್ತು. ಮೊಣಕಾಲು ತಡೆಯಿತು. ಆಂಬುಲೆನ್ಸಿನ ಡ್ರೈವರ್ ನಿದ್ದೆ ಮಾಡಿದ. ಸೋಲನ್ನು ಆಕೆ ಲೆಕ್ಕಕ್ಕೇ ಹಿಡಿಯಲಿಲ್ಲ, ನಾನೇಕೆ ಹಿಡಿಯಲಿ? ಆ ಕೈ ಒಡತಿಯ ಮಾತು ಕೇಳಿ ಗಾಳಿಯಲ್ಲಿ ನಿಂತಾಗ ನನ್ನ ಕಣ್ಣು ಮುಚ್ಚಿತ್ತು. ಕೆಟ್ಟದ್ದು ಅದೊಂದೇ.