ಪಿಯಾನೊಗೆ ಸದ್ದಿಲ್ಲದ ಜಾಗ

ನಾನೂ ಭಾವನೂ ಜಾಗ ಹುಡುಕಿ ಹುಡುಕಿ ಸೋತಿದ್ದೆವು. ಹಾಸನದಲ್ಲಿ ಹಾರ್ಮೋನಿಯಂ, ಪಿಯಾನೊ ರಿಪೇರಿ ನಮ್ಮ ಕೆಲಸ. ಕಲಿಸಿದವರು ಅಕ್ಕನ ಗಂಡನಾದ ಭಾವನೇ. ಬಾಡಿಗೆ ಮಳಿಗೆಯ ಪಕ್ಕಕ್ಕೆ ವೆಲ್ಡಿಂಗ್ ಶಾಪು ಬಂದ ಮೇಲೆ ಶ್ರುತಿ ಮಾಡಲು ಆಗುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಭಾವನಿಗೆ ಕಿವಿ ಮಂದವಾಗುತ್ತಿತ್ತು. ಅವರು ಹೇಳಿರಲಿಲ್ಲ, ಒಂದೇ ತಂತಿಯನ್ನು ಮತ್ತೆ ಮತ್ತೆ ನುಡಿಸಿ ನೋಡುವುದರಿಂದ ನನಗೆ ಗೊತ್ತಾಗಿತ್ತು.

ಸಾಲಗಾಮೆಯ ಶೆಡ್ಡಿನಲ್ಲಿ ತಗಡಿನ ಕಾವಿಗೆ ವಾದ್ಯಗಳ ಮರವೇ ಸೀಳುವಂತಿತ್ತು. ಚನ್ನರಾಯಪಟ್ಟಣದ ಕೊಬ್ಬರಿ ಗೋದಾಮಿನ ತುಂಬ ಇಲಿ. ಹೊಳೆನರಸೀಪುರದಲ್ಲಿ ಸಿಕ್ಕ ಮನೆ ವಿಶಾಲವಾಗಿತ್ತು, ಆದರೆ ಗೋಡೆಯೆಲ್ಲ ತೇವ. ತಂತಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಹೋದಲ್ಲೆಲ್ಲ ಭಾವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಪಿಯಾನೊದಷ್ಟು ದೊಡ್ಡ ಚೌಕ ಬರೆಯುತ್ತಿದ್ದರು. ಸುತ್ತ ಓಡಾಡಲು, ಬಿಚ್ಚಿದ ಕೀಲಿಮಣೆ ಇಡಲು ಎಷ್ಟು ಜಾಗ ಉಳಿಯುತ್ತದೆಂದು ನೋಡುತ್ತಿದ್ದರು. ನಾನು ಕಾಲಲ್ಲಿ ಒರೆಸಿ ಹೊರಡುತ್ತಿದ್ದೆ.

ಕೊನೆಗೆ ಅರಕಲಗೂಡಿನ ಹತ್ತಿರ, ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟಿದ್ದ ಒಬ್ಬ ಹೆಂಗಸು ತಮ್ಮ ಹಳೆಯ ಬ್ಯಾರನ್ ತೋರಿಸಿದರು. ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸಿ ಹದ ಮಾಡಲೆಂದು ಕಟ್ಟಿದ ಎತ್ತರದ ಕೋಣೆ, ದಪ್ಪ ಗೋಡೆ, ಒಳಗೆಲ್ಲ ಒಣ. ಭಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಶ್ರುತಿ ನೋಡುವ ಉಕ್ಕಿನ ಕವೆಯನ್ನು ಕಿವಿಗೆ ಹಿಡಿದು ಕತ್ತಲಲ್ಲಿ ನಿಂತಿದ್ದರು.

"ಕೇಳ್ತಾ ಐತೆ ಕಣಮ್ಮ," ಅಂದರು. "ನಾದ ನಿಂತೋಗೋಗಂಟ ಕೇಳ್ತು."

ಆದರೆ ಬಾಗಿಲು ಕಿರಿದು. ಪಿಯಾನೊ ತೂರುವಂತಿರಲಿಲ್ಲ. ನಾನು ಹೊರಗಿನ ಕಲ್ಲಿನ ಮೇಲೆ ಕುಸಿದು ಕೂತೆ. ಇನ್ನೊಂದು ಜಾಗ ನೋಡುವ ಶಕ್ತಿ ಉಳಿದಿರಲಿಲ್ಲ.

"ಯಾಕವ್ವ, ಇಡಿಸ್ಲಿಲ್ವಾ?" ಎಂದು ಆ ಹೆಂಗಸು ಕೇಳಿದರು.

"ಬಾಗ್ಲು ಸಾಲ್ದು ಕಣಕ್ಕ. ಗೋಡೆ ಒಡೀಬೇಕಾಗ್ತದೆ."

ಅವರು ಗೋಡೆಯನ್ನೊಮ್ಮೆ ಸವರಿದರು. "ವರ್ಸವರ್ಸ ಇದ್ರ ಮುಂದೆ ಬೆಂಕಿ ಕಾದು ಸಾಕಾಗೋಗಿತ್ತು ನಂಗೆ. ಒಡೀರಿ ಅತ್ಲಾಗೆ. ಒಸಿ ಗಾಳಿನಾದ್ರೂ ಆಡ್ಲಿ."

ಒಡೆದು ಅಗಲವಾದ ಬಾಗಿಲಿಟ್ಟೆವು. ಸೊಪ್ಪಿನ ಕಮಟು ವಾಸನೆ ಹೋಗಲೆಂದು ಸುಣ್ಣ ಬಳಿದೆವು. ಮೊದಲು ಬಂದದ್ದು ಒಂದು ಚರ್ಚಿನ ಪಿಯಾನೊ. ಮೇಲಿನ ಸ್ವರಗಳ ತಂತಿ ಬಿಗಿಯುತ್ತಿದ್ದ ಭಾವ ಒಂದೇ ತಂತಿಯನ್ನು ನಾಲ್ಕೈದು ಸಲ ನುಡಿಸಿ ನೋಡಿ, ನಡುವೆಯೇ ನಿಲ್ಲಿಸಿ, ಬಿಗಿಯುವ ಕೀಲಿಯನ್ನು ನನ್ನ ಕೈಗಿಟ್ಟರು. ತಮ್ಮ ಸ್ಟೂಲನ್ನು ಎಡಕ್ಕೆ, ಮಂದ್ರದ ದಪ್ಪ ತಂತಿಗಳ ಕಡೆಗೆ ಎಳೆದುಕೊಂಡರು. ಅಂದಿನಿಂದ ಬಲಗಡೆಯ ತೆಳು ತಂತಿಗಳ ಕೆಲಸವೆಲ್ಲ ನನ್ನದು.

ಜಾಗ ಸಿಕ್ಕಿದರೂ ದಣಿವು ಕಳೆದಿಲ್ಲ. ಮಧ್ಯಾಹ್ನ ಉಂಡು ಇಬ್ಬರೂ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತೇವೆ; ಮೊದಲು ಏಳುವವರು ಯಾರೆಂದು ಇಬ್ಬರೂ ಕಾಯುತ್ತೇವೆ.