ನಂಬರ್ ಪ್ಲೇಟು ಒರೆಸುವ ಯತ್ತಪ್ಪ

ತಳಕು ದಾಟಿದ ಮೇಲೆ ಸಿಗುವ ಹೈವೇ ಕ್ರಾಸಿನಲ್ಲಿ, ಗಾಡಿಗಳ ನಂಬರ್ ಓದಿ ನೋಟಿಸು ಕಳಿಸುವ ಕ್ಯಾಮೆರಾದ ಕೆಳಗೆ ನಿಲ್ಲುವ ಹೆಡ್ ಕಾನ್‌ಸ್ಟೇಬಲ್ ಯತ್ತಪ್ಪನ ಲಾಠಿ ಹಿಡಿಯುವ ಕೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ. ಹೆಲ್ಮೆಟ್ ಇಲ್ಲದವನನ್ನು ಬೈದು ಬಿಟ್ಟಾನು, ಮೂವರು ಕೂತು ಬಂದರೂ ಬಿಟ್ಟಾನು. ಪ್ಲೇಟಿಗೆ ಮಣ್ಣು ಮೆತ್ತಿದ ಗಾಡಿಯನ್ನು ಮಾತ್ರ ಒರೆಸದೆ ಬಿಡುವವನಲ್ಲ. ಎಂಥ ಬಿಸಿಲಿದ್ದರೂ ಬಾಟಲಿಯ ನೀರು ಮೊದಲು ಪ್ಲೇಟಿಗೆ, ಉಳಿದರೆ ಗಂಟಲಿಗೆ. “ಏನ್ ಯತ್ತಪ್ಪಣ್ಣ, ಗಾಡಿ ತೊಳೆಯೋ ಕೆಲಸ ಹಿಡಿದ್ಯಾ?” ಎಂದು ದೇವಸಮುದ್ರದ ಈರೇಶ ಬೈಕ್ ಮೇಲೆ ಕೂತೇ ಕಿಚಾಯಿಸಿದರೆ, “ಸುಮ್ನಿರಲೇ, ನಿನ್ನ ಮಕಕ್ಕಿಂತ ಇದು ಬೇಗ ಹಸನಾಗ್ತೈತೆ” ಅನ್ನುತ್ತಾನೆ. ಜಟಿಂಗ ರಾಮೇಶ್ವರನ ಗುಡಿಗೆ ಹೋಗಿ, ಪ್ಲೇಟಿನ ತುಂಬ ವಿಭೂತಿ ಬಳಿದುಕೊಂಡು ಬಂದ ಹಿರಿಯರಿಗೂ ವಿನಾಯಿತಿ ಇಲ್ಲ: “ಹಣೆಗೆ ಹಚ್ಕಳ್ರಿ ಯಜಮಾನ್ರೆ, ಕ್ಯಾಮೆರಾಕ್ಕೆ ಭಕ್ತಿ ಇಲ್ಲ.” ಲಾರಿ ಬಂದರಂತೂ ಮಂಡಿಯೂರಿ ಹಿಂದೆ ಮುಂದೆ ಎರಡೂ ಕಡೆ ಉಜ್ಜುತ್ತಾನೆ. ಸಾಹೇಬರು “ಇಲಾಖೆ ಮಾನ ಕಳೀತೀಯಲ್ಲೋ” ಎಂದು ಎರಡು ಸಲ ಮೆಮೊ ಕೊಟ್ಟರು. ಅದನ್ನು ಮಡಚಿ ಜೇಬಿಗಿಟ್ಟು ಮತ್ತೆ ಬಟ್ಟೆ ಹಿಂಡಿದ. ಎರಡು ವರ್ಷದ ಹಿಂದೆ, ಇದೇ ರಸ್ತೆ ದಾಟುತ್ತಿದ್ದ ಅವನ ಅಣ್ಣ ದಾಸಣ್ಣನ ಮೇಲೂ ಹದಿನಾಲ್ಕು ಕುರಿಗಳ ಮೇಲೂ ಲಾರಿಯೊಂದು ಹತ್ತಿ, ನಿಲ್ಲದೆ ಹೋಗಿತ್ತು. ಸ್ಟೇಷನ್ನಿನಲ್ಲಿ ಕ್ಯಾಮೆರಾ ಹಿಡಿದ ಚಿತ್ರ ತೋರಿಸಿದರು. ಲಾರಿಯ ಮುಂದೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಸಹ ಅದರಲ್ಲಿ ಚೊಕ್ಕವಾಗಿ ಕಾಣುತ್ತಿದ್ದವು. ನಂಬರಿನ ಜಾಗದಲ್ಲಿ ಬರೀ ಕೆಸರಿತ್ತು.