ತಲೆ ತಗ್ಗಿಸಿ, ಮುಚ್ಚಳ ತೆರೆದು: ಇಲೈತಿಯಾ ಮಾಸ್ಟರರಿಗೆ ಅಭಿನಂದನೆ

ಒವಲಾವು ದ್ವೀಪದಲ್ಲಿ ಪಾಠ ಹೇಳಿ ಹೆಸರಾದವರು ಅನೇಕರಿದ್ದಾರೆ. ಆದರೆ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವಾಗ ವೈಫೈ ಕೈಕೊಡದಂತೆ ಕಾದ ಕೀರ್ತಿ ಇದೀಗ ನಿವೃತ್ತರಾಗುತ್ತಿರುವ ನಮ್ಮ ಕಂಪ್ಯೂಟರ್ ಶಿಕ್ಷಕ ಶ್ರೀ ಇಲೈತಿಯಾ ನಕಾಸಾವಾ ಅವರೊಬ್ಬರದೇ.

ಅವರು ಸೇವೆಗೆ ಸೇರಿದಾಗ ಶಾಲೆಗೆಲ್ಲ ಒಂದೇ ವೈಫೈ ಪೆಟ್ಟಿಗೆ; ಬರಬರುತ್ತ ಕಟ್ಟಡಕ್ಕೊಂದಾಯಿತು. ಲ್ಯಾಪ್‌ಟಾಪುಗಳೋ ಹಠಮಾರಿಗಳು. ಸಭಾಂಗಣದ ಪೆಟ್ಟಿಗೆ ತಲೆಯ ಮೇಲೇ ಇದ್ದರೂ ಬಿಟ್ಟುಬಂದ ಗ್ರಂಥಾಲಯದ ಪೆಟ್ಟಿಗೆಗೇ ಜೋತುಬಿದ್ದು ಒದ್ದಾಡುತ್ತಿದ್ದವು. ಎಲ್ಲದರ ಶಕ್ತಿ ಹೆಚ್ಚಿಸಿರೆಂದು ಮುಖ್ಯೋಪಾಧ್ಯಾಯಿನಿ ಅಕನೇಸಿ ಮೇಡಂ ಹೇಳಿದರೆ, ಮಾಸ್ಟರರು ತಗ್ಗಿಸಿದರು.

“ದಾರೀಲಿ ಹೋಗೋರನ್ನ ಎಲ್ಲ ಮನೆಯವ್ರೂ ಊಟಕ್ಕೆ ಕರೀತೀವಲ್ಲ ಮೇಡಂ? ಮೊದಲ್ನೇ ಮನೆಯವ್ರೇ ಗಂಟಲು ಹರ್ಕೊಂಡ್ರೆ ಮುಂದಿನ ಮನೆ ಕೂಗು ಯಾರಿಗೆ ಕೇಳುತ್ತೆ?”

ಕೆಟ್ಟ ಲ್ಯಾಪ್‌ಟಾಪ್ ತಂದ ಮಕ್ಕಳಿಗೆ ಅವರಲ್ಲಿ ಮೊದಲು ಬೇಯಿಸಿದ ಮರಗೆಣಸು, ಆಮೇಲೆ ದುರಸ್ತಿ.

ಅಂತಿಮ ಪರೀಕ್ಷೆ ಕಂಪ್ಯೂಟರಿಗೆ ಬಂದ ವರ್ಷ ಅವರ ಮಾನವೇ ಪಣಕ್ಕೆ ಬಿತ್ತು. ಅರ್ಧ ಪರೀಕ್ಷೆ ತರಗತಿಯಲ್ಲಿ, ಉಳಿದರ್ಧ ಸಭಾಂಗಣದಲ್ಲಿ; ನಡುವೆ ಸಂಪರ್ಕ ಕಡಿಯಕೂಡದು. ಮೊದಲೇ ವೈಫೈಯನ್ನು ಪರೀಕ್ಷಿಸಿ ನೋಡುವ ಪೂರ್ವಪರೀಕ್ಷೆಯಲ್ಲಿ ಶಾಲೆ ಎಡವಿದರೆ ಮಕ್ಕಳು ಬರೆಯಲು ಹಡಗು ಹತ್ತಿ ರಾಜಧಾನಿ ಸುವಾಕ್ಕೆ ಹೋಗಬೇಕು. ಸಮುದ್ರ ಕೆರಳಿದರೆ ಅವರ ವರ್ಷವೇ ವ್ಯರ್ಥ. ಇಲ್ಲೇ ಬರೆಸುತ್ತೇನೆಂದು ಮಾಸ್ಟರರು ಊರಿಗೆಲ್ಲ ಮಾತು ಕೊಟ್ಟಿದ್ದರು.

ಪೂರ್ವಪರೀಕ್ಷೆ ನೋಡಲು ಬಂದ ಊರ ಹಿರಿಯರು ಜಗಲಿಯ ಮೇಲೆ ಚಾಪೆ ಹಾಸಿ ಕುಳಿತರು. ಅವರ ಮುಂದೆ ಹಾದು ಮಕ್ಕಳು ಸಭಾಂಗಣ ಸೇರಿದರೆ, ಒಬ್ಬರಿಗೂ ಸಂಪರ್ಕವಿಲ್ಲ!

“ಏನ್ ಮಾಸ್ಟರ್, ನಿಮ್ಮ ಕೂಗು ತೀರಾ ಸಣ್ಣದಾಯ್ತೇನೋ?” ಎಂದರು ಮೇಡಂ.

ಪರೀಕ್ಷಾ ಮಂಡಳಿಯಿಂದ ಬಂದಿದ್ದ ಅಧಿಕಾರಿ ಊಟದ ನಂತರ ಇನ್ನೊಂದೇ ಅವಕಾಶ ಕೊಟ್ಟರು. ಮಾಸ್ಟರರು ಊಟ ಬಿಟ್ಟು, ಲ್ಯಾಪ್‌ಟಾಪ್ ಹಿಡಿದು ತಾವೇ ನಡೆದು ನೋಡಿದರು. ಹಿರಿಯರ ಮುಂದೆ ಬಂದಾಗ ಬೆನ್ನು ತಾನಾಗಿ ಬಾಗಿತು, ಬಾಯಿ “ತುಲೋ, ತುಲೋ” ಎಂದು ಕ್ಷಮೆ ಕೇಳಿತು, ಕೈ ಮುಚ್ಚಳವನ್ನು ಮುಚ್ಚಿಯೇಬಿಟ್ಟಿತು. ಮಾಸ್ಟರರು ಅಲ್ಲೇ ನಿಂತು ಗಹಗಹಿಸಿ ನಕ್ಕರು. ಮಕ್ಕಳೂ ಮರ್ಯಾದೆಗೆಂದು ಹೀಗೆಯೇ ಮುಚ್ಚಿದ್ದರು. ಮುಚ್ಚಿದೊಡನೆ ಲ್ಯಾಪ್‌ಟಾಪುಗಳು ನಿದ್ದೆಹೋಗಿ ಸಂಪರ್ಕ ಕಡಿದುಕೊಂಡಿದ್ದವು.

ಅವರು ಊರ ಮುಖ್ಯಸ್ಥ ರಾತು ವಿಲಿಸೋನಿಯವರ ಎದುರು ಕುಳಿತು, ಹಿರಿಯರ ಮುಂದಿನ ರೂಢಿಯಂತೆ ಕೈತಟ್ಟಿ ವಿನಂತಿಸಿದರು: “ರಾತು, ಮಕ್ಳು ಬಾಗ್ತಾರೆ. ಮುಚ್ಚಳ ಮಾತ್ರ ತೆರೆದಿರ್ಲಿ, ಅಪ್ಪಣೆ ಕೊಡಿ.”

“ಅಯ್ಯೋ ಮಾರಾಯ, ನಮ್ಗೆ ಮರ್ಯಾದೆ ಕೊಡೋಕೆ ಹೋಗಿ ಮಕ್ಳು ಹಡಗು ಹತ್ಬೇಕಾ? ತೆರ್ಕೊಂಡೇ ಹೋಗ್ಲಿ!”

ಮಕ್ಕಳು ತಲೆ ತಗ್ಗಿಸಿ, ಮುಚ್ಚಳ ತೆರೆದು ಮತ್ತೆ ಹಾದರು. ಸಭಾಂಗಣದಲ್ಲಿ ಒಂದು ಪರದೆಯಲ್ಲೂ ಸಂಪರ್ಕ ಕಡಿಯಲಿಲ್ಲ.

“ಏನೂ ಆಗ್ಲೇ ಇಲ್ವಲ್ಲ!” ಎಂದರು ಮೇಡಂ.

“ಆಗ್ಬಾರ್ದು ಅಂತಾನೇ ಅಲ್ವಾ ಮೇಡಂ ಇಷ್ಟೆಲ್ಲ ಒದ್ದಾಡಿದ್ದು?”

ಪರೀಕ್ಷೆಯ ದಿನ ಬೆಳಿಗ್ಗೆ ಬಂದರಿನಲ್ಲಿ ಸುವಾಕ್ಕೆ ಹೊರಟ ಹಡಗು ಕೂಗಿದಾಗ, ಬರೆಯುತ್ತಿದ್ದ ಮಕ್ಕಳಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಸ್ಟರರು ಮಾತ್ರ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಅಂಥವರಿಗೆ ಆಯುರಾರೋಗ್ಯ ಲಭಿಸಲಿ, ನಿವೃತ್ತಿಯ ನಂತರವೂ ಅವರು ಶಾಲೆಯ ಕಡೆ ಬರುತ್ತಿರಲಿ ಎಂದು ಹಾರೈಸುತ್ತೇವೆ. ಈ ಊರಿನ ಮಕ್ಕಳು ತಮ್ಮ ಮನೆಯಿಂದಲೇ ನಡೆದು ಬಂದು ಪರೀಕ್ಷೆ ಬರೆಯುವಂತಾದದ್ದು ಅವರಿಂದ.